ಮುಂಬಾಗಿಲಿಂದಲೇ ಹೋಗುತ್ತೇವೆ

ಶ್ರೀನಿವಾಸಪುರ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಶ್ರೀನಿವಾಸಪುರದಲ್ಲಿ ಮೊದಲು ಕೇಳುವುದು ಅರಮನೆ ನೋಡಿದಿರಾ ಎಂದು. ನೋಡಲಿಲ್ಲ. ದೊಡ್ಡ ಗಡಿಯಾರ, ತೆರೆದು ಮುಚ್ಚುವ ಸೇತುವೆ, ರಾಣಿಯರ ಕಿರೀಟ, ಒಂದನ್ನೂ ನೋಡಲಿಲ್ಲ. ಎರಡೂವರೆ ತಿಂಗಳಲ್ಲಿ ನಾನು ಸರಿಯಾಗಿ ನೋಡಿದ್ದು ಒಂದೇ ಕಟ್ಟಡ, ಅದೂ ಒಂದು ಹಳೆಯ ಆಸ್ಪತ್ರೆ. ಅದರ ಗೋಡೆ ಮುಟ್ಟಿ ನೋಡಿದೆ, ಕಿಟಕಿಗಳ ಎತ್ತರ ಅಳೆದೆ, ಕೊನೆಗೆ ಅದರ ಮೆಟ್ಟಿಲ ಮೇಲೆ ಮಳೆಯಲ್ಲಿ ಕೂತೆ. ಈ ಬರಹ ಅದರದ್ದೇ. ಅರಮನೆ ಬೇಕಾದವರು ಬೇರೆ ಯಾರನ್ನಾದರೂ ಕೇಳಬಹುದು.

ನಾನು ಸರ್ಕಾರಿ ಎಂಜಿನಿಯರ್ ಆಗಿದ್ದು ನಿವೃತ್ತಳಾದವಳು. ಸರ್ವಿಸ್ಸೆಲ್ಲ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳ ನಡುವೆಯೇ ಮುಗಿಯಿತು. ಶಾಲೆಯ ಕೊಠಡಿ, ಹಾಸ್ಟೆಲ್ಲು, ಹೆರಿಗೆ ವಾರ್ಡು, ಪಶು ಆಸ್ಪತ್ರೆ, ಹೀಗೆ ಸಣ್ಣಪುಟ್ಟ ಕಟ್ಟಡಗಳೇ ನನ್ನ ಪಾಲಿಗೆ ಬಂದವು. ಮದುವೆಯಾಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಹುಟ್ಟಿದ್ದು ನಂಗಲಿ ಪಕ್ಕದ ಹಳ್ಳಿಯಲ್ಲಿ. ಅಪ್ಪ ಬೇಗ ತೀರಿಕೊಂಡ. ಅಮ್ಮ ಹೆದ್ದಾರಿಯ ಪಕ್ಕ ಕೂತು ಜಲ್ಲಿ ಒಡೆದು ನನ್ನನ್ನೂ ತಂಗಿ ಶಾರದಳನ್ನೂ ಓದಿಸಿದಳು.

ಶಾರದ ನನಗಿಂತ ಎಂಟು ವರ್ಷ ಚಿಕ್ಕವಳು. ನರ್ಸಿಂಗ್ ಓದಿ ಇಂಗ್ಲೆಂಡಿಗೆ ಹೋಗಿ ಅಲ್ಲೇ ನೆಲೆಸಿದ್ದಾಳೆ. ಗಂಡ ಹಡಗಿನ ಕೆಲಸದವನು, ವರ್ಷದಲ್ಲಿ ಅರ್ಧ ಸಮುದ್ರದ ಮೇಲೆ. "ರಿಟೈರ್ ಆದ್ಮೇಲೂ ಸೈಟು ಸೈಟು ಅಂತ ಯಾಕ್ ಸುತ್ತೀಯ ಅಕ್ಕಾ, ಒಂದ್ಸಲ ಬಂದ್ ಹೋಗು" ಎಂದು ಫೋನಿನಲ್ಲಿ ಪೀಡಿಸುತ್ತಿದ್ದಳು. ಸೊಂಟ ನೆಟ್ಟಗಿರುವಾಗಲೇ ಹೋಗಿ ಬರೋಣ ಎಂದು ಹೊರಟೆ.

ಹೊರಡುವ ಮುಂಚೆ, ನನ್ನ ಜತೆ ಬಹಳ ವರ್ಷ ಗಾರೆ ಕೆಲಸ ಮಾಡಿದ ಮುನಿವೆಂಕಟಪ್ಪ ಮೇಸ್ತ್ರಿ ಮನೆಗೆ ಬಂದ. "ಅಲ್ಲಿ ಇಟ್ಟಿಗೆ ಹೆಂಗ್ ಕೂಡಿಸ್ತಾರೆ ನೋಡ್ಕೊಂಡ್ ಬನ್ನಿ ಮೇಡಂ. ಬರೀ ರೋಡು ಕ್ಲೀನಾಗೈತೆ ಅಂತ ಹೇಳ್ಬೇಡಿ, ಅದನ್ನ ಎಲ್ರೂ ಹೇಳ್ತಾರೆ" ಎಂದ.

ವಿಮಾನ ನಿಲ್ದಾಣ

ಮೊದಲ ಜಗಳ ಹುರಿಹಿಟ್ಟಿನದು. ಅಲ್ಲಿ ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿ, ರಾಗಿ ಹುರಿಹಿಟ್ಟಿನ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಎಂದ. ರಾಗಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಪೊಟ್ಟಣ ಇಸಿದುಕೊಂಡು ಬಿಚ್ಚಿ, ಅಂಗೈಗೆ ಸುರಿದುಕೊಂಡು ಅವನ ಮುಂದೆಯೇ ಬಾಯಿಗೆ ಹಾಕಿಕೊಂಡೆ. ಒಣ ಹಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಅವನೇ ನೀರು ತಂದುಕೊಟ್ಟ. ನಾನು ಸಾಯಲಿಲ್ಲ ಎಂದು ಖಾತ್ರಿಯಾದ ಮೇಲೆ ಪೊಟ್ಟಣ ವಾಪಸು ಕೊಟ್ಟು, ಕ್ಷಮಿಸಿ ಎಂದ. ಆ ದೇಶದಲ್ಲಿ ಎಲ್ಲದಕ್ಕೂ ಕ್ಷಮೆ ಕೇಳುತ್ತಾರೆ. ಕೇಳಿದ ಮೇಲೆ ತಾವು ಹಿಡಿದದ್ದನ್ನು ಬಿಡುವುದು ಅಪರೂಪ ಎಂಬುದು ಆಮೇಲೆ ತಿಳಿಯಿತು.

ಬಚ್ಚಲು

ಶಾರದಳ ಊರಿನ ಹೆಸರು ಬರೆಯುವುದಿಲ್ಲ. ಅದು ಉತ್ತರದ ಒಂದು ಸಾಧಾರಣ ಊರು, ಹಿಂದೆ ಗಿರಣಿಗಳಿದ್ದವಂತೆ. ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಒಂದೇ ಅಳತೆಯವು. ಇಟ್ಟಿಗೆ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಬಚ್ಚಲನ್ನು ಕಟ್ಟಿದವನು ನನ್ನ ಕೈಗೆ ಸಿಕ್ಕಿದ್ದರೆ ಬಿಲ್ಲು ಪಾಸು ಮಾಡುತ್ತಿರಲಿಲ್ಲ. ಮಹಡಿಯ ಮೇಲೆ ಬಚ್ಚಲು, ಮರದ ನೆಲ, ನೀರು ಹೋಗಲು ನೆಲದಲ್ಲಿ ಒಂದು ತೂತೂ ಇಲ್ಲ.

ನನಗೆ ತಿಳಿಯಲಿಲ್ಲ. ಎರಡನೆಯ ದಿನ ಶಾರದ ಡ್ಯೂಟಿಗೆ ಹೋದ ಮೇಲೆ, ನಮ್ಮಲ್ಲಿಯ ಹಾಗೆ ಬಕೆಟ್ಟಿಗೆ ನೀರು ಹಿಡಿದು ನೆಲದ ಮೇಲೆ ಕೂತು ಚೆನ್ನಾಗಿ ಸ್ನಾನ ಮಾಡಿದೆ. ಸೀರೆ ಉಟ್ಟು ಕೆಳಗೆ ಇಳಿದರೆ ಅಡುಗೆಮನೆಯ ದೀಪದಿಂದ ಧಾರೆ ಸುರಿಯುತ್ತಿದೆ. ಗಾಬರಿಯಲ್ಲಿ ಮೇಲೆ ಓಡಿ ನಲ್ಲಿ ತಿರುಗಿಸಿದೆ. ಅದು ತಿರುಪಿನಿಂದಲೇ ಕಿತ್ತು ಕೈಗೆ ಬಂತು. ಈಗ ನಿಜವಾಗಿ ನೀರು ನುಗ್ಗಿತು. ಮೇನ್ ವಾಲ್ವ್ ಎಲ್ಲಿದೆಯೋ ಗೊತ್ತಿಲ್ಲ. ಒದ್ದೆ ಕೂದಲಲ್ಲೇ ಓಡಿ ಪಕ್ಕದ ಮನೆಯ ಬಾಗಿಲು ಬಡಿದೆ.

ಬಾಗಿಲು ತೆಗೆದದ್ದು ಎಂಬತ್ತು ದಾಟಿದ ಹೆಂಗಸು. ಕೈಯಲ್ಲಿ ಕೋಲು, ಎಡಗಾಲಿಗೆ ಮೊಣಕಾಲವರೆಗೆ ಬ್ಯಾಂಡೇಜು. ನಾನು ಹೇಳುವುದನ್ನು ಪೂರ್ತಿ ಕೇಳದೆಯೇ ಕೋಲೂರಿಕೊಂಡು ನಮ್ಮ ಮನೆಗೆ ಬಂದು, ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲನ್ನು ಕೋಲಿನಿಂದಲೇ ತೆರೆದು ತೋರಿಸಿದಳು. ವಾಲ್ವ್ ಅಲ್ಲಿತ್ತು. ತಿರುಗಿಸಿದೆ, ನೀರು ನಿಂತಿತು.

"ಈ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಅಲ್ಲೇ ಇರುತ್ತದೆ. ನಾನು ಡೋರೀನ್" ಎಂದಳು.

ಅಲ್ಲಿ ಎಷ್ಟು ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರಲಿಲ್ಲ. ಡೋರೀನಮ್ಮ ಎಂದೆ. ಕೊನೆಯ "ಅಮ್ಮ" ಏನು ಎಂದು ಕೇಳಿದಳು. ತಾಯಿ ಎಂದು ಹೇಳಿದೆ. "ನಾನು ಯಾರಿಗೂ ತಾಯಿಯಲ್ಲ" ಎಂದಳು. "ನಮ್ಮ ಕಡೆ ಅದಕ್ಕೆ ಹೆರಬೇಕಾಗಿಲ್ಲ" ಎಂದೆ. ಅವಳು ನಗುವುದಕ್ಕೆ ಶುರುಮಾಡಿ, ಕಾಲು ನೋವಿಗೆ ಕುರ್ಚಿ ಹಿಡಿದು ಕೂತಳು. ಬ್ಯಾಂಡೇಜಿನಿಂದ ಕೆಟ್ಟ ವಾಸನೆ ಬರುತ್ತಿತ್ತು.

ಸಂಜೆ ಶಾರದ ಬಂದಾಗ ಕೇಳಿದೆ. "ಅದು ಹಳೇ ಹುಣ್ಣು ಅಕ್ಕಾ. ರಕ್ತ ಸರಿಯಾಗಿ ಹರೀತಾ ಐತಾ ಅಂತ ಒಂದ್ಸಲ ಆಸ್ಪತ್ರೇಲಿ ನೋಡ್ಬೇಕು. ನೋಡ್ದೆ ಬಿಗಿಯಾಗಿ ಕಟ್ಟಂಗಿಲ್ಲ, ಬಿಗಿಯಾಗಿ ಕಟ್ದೆ ವಾಸಿಯಾಗಲ್ಲ. ಎಷ್ಟು ಸಲ ಡೇಟ್ ಕೊಡ್ಸಿದ್ದೀನಿ. ಬರಲ್ಲ ಅಂದ್ರೆ ಬರಲ್ಲ. ಹೀಗೇ ಬಿಟ್ರೆ ಕಾಲು ತೆಗೀಬೇಕಾಗುತ್ತೆ" ಎಂದಳು.

"ಯಾಕ್ ಬರಲ್ವಂತೆ?"

"ಯಾರಿಗ್ ಗೊತ್ತು. ಹಠಮಾರಿ ಮುದುಕಿ. ನಿನ್ ಥರಾನೇ."

ಕಮಾನು

ಶಾರದ ಒಂದು ದಿನ ಊಟದ ಡಬ್ಬಿ ಮರೆತುಹೋದಳು. ಕೊಟ್ಟು ಬರಲು ಅವಳ ಆಸ್ಪತ್ರೆಗೆ ನಡೆದುಹೋದೆ. ಹೊಸ ಆಸ್ಪತ್ರೆ ಊರ ಹೊರಗಿದೆಯಂತೆ. ವಯಸ್ಸಾದವರ ವಾರ್ಡು, ಗಾಯದ ಕ್ಲಿನಿಕ್ಕು, ಎಕ್ಸ್‌ರೇ ಎಲ್ಲ ಈ ಹಳೆಯ ಕಟ್ಟಡದಲ್ಲಿ.

ನೋಡಿದ ಕೂಡಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಆಸ್ಪತ್ರೆ ಎಂದರೆ ಗಾಳಿ ಬೆಳಕು ಮೊದಲು. ಇಲ್ಲಿ ಮೊದಲು ಗೋಡೆ. ಗೋಡೆಯ ನಡುವೆ ಒಂದು ಕಮಾನು, ಅದರ ಮೇಲೆ ಒಂದು ಕೋಣೆ, ಕೋಣೆಗೆ ಎರಡು ಪುಟ್ಟ ಕಿಟಕಿ. ಒಂದು ಹೊರಗೆ ನೋಡುತ್ತದೆ, ಒಂದು ಒಳಗೆ. ಕಾವಲುಗಾರನ ಕೋಣೆ. ಒಳಗೆ ಹೋದರೆ ನಡುವೆ ಎಂಟು ಮೂಲೆಯ ಗೋಪುರದಂಥ ಮನೆ. ಅದರಿಂದ ನಾಲ್ಕು ಕಡೆಗೆ ಉದ್ದನೆಯ ಕಟ್ಟಡಗಳು ಚಾಚಿವೆ, ಅವುಗಳ ನಡುವೆ ನಾಲ್ಕು ಅಂಗಳ. ನಡುಮನೆಯ ಕಿಟಕಿಯಲ್ಲಿ ನಿಂತವನಿಗೆ ನಾಲ್ಕೂ ಅಂಗಳ ಕಾಣುತ್ತವೆ. ಒಂದು ಅಂಗಳದವರಿಗೆ ಇನ್ನೊಂದು ಅಂಗಳದವರು ಕಾಣುವುದಿಲ್ಲ.

ಹಳೆಯ ಕೋಣೆಗಳ ಕಿಟಕಿಯ ಹಲಗೆ ನನ್ನ ತಲೆಗಿಂತ ಮೇಲಿದೆ. ಬೆಳಕು ಬರುತ್ತದೆ, ಹೊರಗಿನದು ಏನೂ ಕಾಣದು. ನಾನು ಒಂದು ತಾಲ್ಲೂಕಿನಲ್ಲಿ ಹೆರಿಗೆ ವಾರ್ಡು ಕಟ್ಟಿಸುವಾಗ, ಕಿಟಕಿಯನ್ನು ಎರಡಡಿ ಮೇಲೆತ್ತಿದರೆ ಕೆಲಸ ಸುಲಭ ಎಂದು ಗುತ್ತಿಗೆದಾರ ಹಠ ಹಿಡಿದಿದ್ದ. ಮಂಚದ ಮೇಲೆ ಮಲಗಿದವಳಿಗೆ ಹೊರಗೆ ಹುಣಸೆ ಮರದಡಿ ಕೂತ ಅವಳ ತಾಯಿ ಕಾಣಬೇಕು ಎಂದು ನಾನು ಬಿಡಲಿಲ್ಲ. ಕಿಟಕಿಯನ್ನು ಎಲ್ಲಿ ಇಡುತ್ತಾರೆ ಎಂಬುದರಲ್ಲಿ ಕಟ್ಟಿಸಿದವನ ಮನಸ್ಸು ಗೊತ್ತಾಗುತ್ತದೆ. ಇಲ್ಲಿ ಒಳಗಿನವರು ಹೊರಗೆ ನೋಡಬಾರದು ಎಂದು ಯಾರೋ ಕೂತು ಲೆಕ್ಕ ಹಾಕಿ ಎಳೆದಿದ್ದಾರೆ.

ಎಕ್ಸ್‌ರೇ ಕೋಣೆಯ ಬಾಗಿಲ ಮೇಲೆ ಬಿಳಿ ಬಣ್ಣ ಬಳಿದ ಕಲ್ಲಿತ್ತು. ಓರೆಯಾಗಿ ನಿಂತು ನೋಡಿದರೆ ಬಣ್ಣದ ಅಡಿಯಲ್ಲಿ ಕೆತ್ತಿದ ಅಕ್ಷರ ಕಂಡವು: ಸ್ತ್ರೀಯರು. ಎದುರು ಬದಿಯಲ್ಲಿ: ಪುರುಷರು. ಇನ್ನೊಂದರ ಮೇಲೆ: ಮಕ್ಕಳು.

ಡಬ್ಬಿ ಇಸಿದುಕೊಳ್ಳಲು ಬಂದ ಶಾರದಳನ್ನು ಕೇಳಿದೆ. "ಇದು ಮೊದಲು ಜೈಲಾ ಕಣೇ?"

"ಜೈಲಲ್ಲ ಅಕ್ಕಾ, ವರ್ಕ್‌ಹೌಸು. ಗತಿ ಇಲ್ದೋರ್ನ ಇಟ್ಕೊಂಡು ಗಂಜಿ ಹಾಕಿ ಕೆಲ್ಸ ಮಾಡ್ಸ್ತಾ ಇದ್ರಂತೆ. ಗಂಡ ಒಂದ್ ಕಡೆ, ಹೆಂಡ್ತಿ ಒಂದ್ ಕಡೆ, ಮಕ್ಕಳು ಒಂದ್ ಕಡೆ. ಅದೆಲ್ಲ ಹಳೇ ಕಾಲ. ಈಗ ಆಸ್ಪತ್ರೆ ಆಯ್ತಲ್ಲ."

ನಮ್ಮಲ್ಲಿ ಬರ ಬಂದಾಗ ಗಂಜಿ ಕೇಂದ್ರ ತೆರೆಯುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದಳು. ಅಲ್ಲಿ ಸಾಲಿನಲ್ಲಿ ನಿಲ್ಲುವುದು ಅವಮಾನವೇ. ಆದರೂ ಗಂಜಿ ಕುಡಿದು ಸಂಜೆಗೆ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಗೆ ಬರಬಹುದಿತ್ತು.

ಹಿಂದಿನ ಓಣಿ

ಬಂದ ದಾರಿಯಲ್ಲಿ ವಾಪಸು ಹೋಗುವುದು ನನ್ನ ಅಭ್ಯಾಸವಲ್ಲ. ಕಟ್ಟಡದ ನಿಜ ಹಿಂಭಾಗದಲ್ಲಿರುತ್ತದೆ. ಶಾರದಳಿಗೆ ಇನ್ನೂ ಊಟದ ಬಿಡುವಿತ್ತು; ಅವಳನ್ನೂ ಕರೆದುಕೊಂಡು ಹಿಂದಿನ ಓಣಿಗೆ ಹೋದೆ.

ಅಲ್ಲಿ ಸಾಲಾಗಿ ಆರು ಪುಟ್ಟ ಕೋಣೆಗಳು, ಈಗ ಹಳೆಯ ಮಂಚ ಪೇರಿಸಿಟ್ಟಿದ್ದಾರೆ. ಪ್ರತಿ ಕೋಣೆಯ ಹೊರಗೋಡೆಯಲ್ಲಿ, ನೆಲದಿಂದ ಸೊಂಟದ ಎತ್ತರಕ್ಕೆ, ಒಂದು ಕಬ್ಬಿಣದ ತಟ್ಟೆ. ತಟ್ಟೆಯ ತುಂಬ ತೂತುಗಳು. ಕಿಟಕಿಯಲ್ಲ, ಬೆಳಕು ಬರುವುದಿಲ್ಲ. ಗಾಳಿಗೆ ಇಷ್ಟು ದಪ್ಪ ಕಬ್ಬಿಣ ಬೇಡ. ತೂತಿಗೆ ಬೆರಳು ಹಾಕಿದೆ. ಎರಡು ಬೆರಳು ಹಿಡಿಸಿತು, ಮೂರನೆಯದು ಹಿಡಿಸಲಿಲ್ಲ.

ಆ ಅಳತೆ ನನಗೆ ಎಂಜಿನಿಯರಿಂಗ್ ಕಾಲೇಜು ಕಲಿಸಿದ್ದಲ್ಲ. ಒಂದೂವರೆ ಇಂಚು ಜಲ್ಲಿ. ಸೈಜುಗಲ್ಲನ್ನು ಮೇಸ್ತ್ರಿ ಅಮ್ಮನ ಮುಂದೆ ಸುರಿಯುತ್ತಿದ್ದ. ಅವಳು ಹಳೆಯ ಟೈರಿನ ಬಳೆಯೊಳಗೆ ಕಲ್ಲು ಇಟ್ಟುಕೊಂಡು, ಬೆರಳಿಗೆ ಸೈಕಲ್ ಟ್ಯೂಬು ಸುತ್ತಿಕೊಂಡು ಒಡೆಯುತ್ತಿದ್ದಳು. ನಾನು ಬಾಂಡ್ಲಿಯಲ್ಲಿ ತುಂಬಿ ಜರಡಿಗೆ ಹಾಕುತ್ತಿದ್ದೆ. ಜರಡಿಯಿಂದ ಇಳಿದದ್ದು ಮಾತ್ರ ಲೆಕ್ಕಕ್ಕೆ; ಮೇಲೆ ಉಳಿದದ್ದು ಮತ್ತೆ ಅವಳ ಸುತ್ತಿಗೆಯ ಕೆಳಗೆ.

"ಶಾರದಾ, ಇದು ಜರಡಿ ಕಣೇ" ಎಂದೆ. "ಒಳಗಡೆ ಮನುಷ್ಯನ್ನ ಕೂಡ್ಹಾಕಿ ಕಲ್ಲು ಒಡ್ಸ್ತಾ ಇದ್ರು. ಒಡೆದ ಕಲ್ಲೆಲ್ಲ ಈ ತೂತಲ್ಲಿ ಹೊರಗಡೆ ಬೀಳೋವರ್ಗೂ ಅವನ್ನ ಬಿಡ್ತಾ ಇರ್ಲಿಲ್ಲ."

ಶಾರದಳೂ ತೂತಿಗೆ ಬೆರಳು ಹಾಕಿದಳು. ಆಗ ಅವಳ ಜತೆಯ ಇಬ್ಬರು ನರ್ಸುಗಳು ಅತ್ತ ಬಂದರು. ಅಕ್ಕ ಬಂದಿದ್ದಾರಾ ಎಂದು ನಗುನಗುತ್ತ ಮಾತಾಡಿಸಿ, ಒಬ್ಬಳು ನನ್ನನ್ನು ಕೇಳಿದಳು: "ನಿಮ್ಮ ಅಪ್ಪನ ಮಾವಿನ ತೋಟದ ಬಗ್ಗೆ ಕೇಳಿದ್ದೇವೆ. ಎಷ್ಟು ಮರಗಳಿವೆ?"

ನಾನು ಶಾರದಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಮಾವು ಶ್ರೀನಿವಾಸಪುರದ ತುಂಬ ಇದೆ. ನಮ್ಮಪ್ಪನಿಗೆ ಒಂದು ಗಿಡವೂ ಇರಲಿಲ್ಲ.

"ನಾನು ಎಣಿಸಿಲ್ಲ" ಎಂದೆ. ಅವರು ಹೋದರು.

ಸಿಟ್ಟು ಬಂದರೆ ನಮ್ಮಿಬ್ಬರ ಬಾಯಲ್ಲೂ ತೆಲುಗು ಹೊರಡುತ್ತದೆ, ಆಂಧ್ರದ ಗಡಿಯವರ ಪಾಡು. "ನುವ್ವು ಊರುಕೋ ಅಕ್ಕಾ" ಎಂದಳು, ನಾನು ಬಾಯಿ ತೆರೆಯುವ ಮುಂಚೆಯೇ. ಸುಮ್ಮನಿರು ಎಂದು. "ನಿಂಗೇನ್ ಗೊತ್ತು? ಬಂದ ಹೊಸದ್ರಲ್ಲಿ ನಿಮ್ಮಪ್ಪ ಅಮ್ಮ ಏನ್ ಮಾಡ್ತಾರೆ ಅಂತ ಕೇಳಿದ್ರು. ರೋಡ್ ಪಕ್ಕ ಕಲ್ಲು ಒಡೀತಾ ಇದ್ಳು ಅಂತ ಹೇಳ್ಬೇಕಿತ್ತಾ? ಇವ್ರು ಅಯ್ಯೋ ಪಾಪ ಅಂತ ನೋಡೋದು ನಂಗೆ ಬೇಕಾಗಿರ್ಲಿಲ್ಲ."

"ಅಮ್ಮ ಕದ್ದಿದ್ಳಾ?"

"ಇಲ್ಲ."

"ಮತ್ಯಾಕೆ ಬಚ್ಚಿಟ್ಟೆ?"

ಅವಳು ತಿರುಗಿ ಡ್ಯೂಟಿಗೆ ಹೊರಟಳು. ಮೂರು ದಿನ ಇಬ್ಬರೂ ಸಾರು ಬೇಕಾ, ಅನ್ನ ಹಾಕ್ಲಾ ಎಂಬುದರ ಆಚೆ ಮಾತಾಡಲಿಲ್ಲ.

ಡೋರೀನಮ್ಮನ ಅಡುಗೆಮನೆ

ಮನೆಯಲ್ಲಿ ಮಾತಿಲ್ಲದ್ದಕ್ಕೆ ಪಕ್ಕದ ಮನೆಗೆ ಹೋಗಿ ಕೂರತೊಡಗಿದೆ. ಡೋರೀನಮ್ಮ ಟೀ ಮಾಡುವುದನ್ನು ನೋಡಿದರೆ ನಮ್ಮ ಹೋಟೆಲಿನವರು ಅತ್ತುಬಿಡುತ್ತಾರೆ. ಬಿಸಿನೀರಿಗೆ ಚೀಲ ಅದ್ದಿ, ಹಾಲು ತೋರಿಸಿ, ಮುಗಿಯಿತು. ಆದರೂ ಕುಡಿದೆ. ಮಾತಿನ ಮಧ್ಯೆ ಕಬ್ಬಿಣದ ತಟ್ಟೆಯ ವಿಷಯ ಹೇಳಿದೆ, ಅಮ್ಮನ ಜರಡಿಯ ವಿಷಯವನ್ನೂ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

"ನಿನ್ನ ತಾಯಿ ಸಂಜೆ ಮನೆಗೆ ಬರುತ್ತಿದ್ದಳಾ?"

"ಬರುತ್ತಿದ್ದಳು."

"ನನ್ನ ಅಜ್ಜಿ ಬರಲಿಲ್ಲ."

ಆಮೇಲೆ ಎಲ್ಲ ಹೇಳಿದಳು. ಗಿರಣಿಯಲ್ಲಿ ಅವಳ ಅಜ್ಜ ಸತ್ತ. ಅಜ್ಜಿ ಬಸುರಿ, ಜತೆಗೆ ಎರಡು ಗಂಡುಮಕ್ಕಳು. ಬಾಡಿಗೆ ಮನೆಯಿಂದ ಹೊರಹಾಕಿದರು. ಆ ಕಮಾನಿನ ಕೆಳಗೆ ನಿಂತಾಗ ಮಕ್ಕಳ ಕೈ ಬಿಡಿಸಿ ಮಕ್ಕಳ ಅಂಗಳಕ್ಕೆ ಕಳಿಸಿದರು, ಅಜ್ಜಿಯ ಬಟ್ಟೆ ಕಳಚಿಸಿ ಅಲ್ಲಿಯ ಸಮವಸ್ತ್ರ ಕೊಟ್ಟರು. ಡೋರೀನಮ್ಮನ ತಾಯಿ ಅದರೊಳಗೇ ಹುಟ್ಟಿದಳು. ಗಂಡುಮಕ್ಕಳಲ್ಲಿ ಒಬ್ಬ ಗೋಡೆಯ ಆಚೆಯ ಅಂಗಳದಲ್ಲಿ ಜ್ವರದಿಂದ ತೀರಿಕೊಂಡ. ಈಚೆಯ ಅಂಗಳದಲ್ಲಿದ್ದ ತಾಯಿಗೆ ಎರಡು ದಿನ ಬಿಟ್ಟು ತಿಳಿಯಿತು.

"ನನ್ನ ತಾಯಿಗೆ ಕೊನೆಗಾಲದಲ್ಲಿ ಆಸ್ಪತ್ರೆ ಬೇಕಿತ್ತು. ಊರಿಗೆ ಆಗ ಅದೊಂದೇ. ಆ ಕಮಾನಿನ ಕೆಳಗೆ ನನ್ನನ್ನು ಒಯ್ಯಬೇಡ ಎಂದಳು. ಒಯ್ಯಲಿಲ್ಲ. ಈ ಮನೆಯಲ್ಲೇ, ಮೇಲಿನ ಕೋಣೆಯಲ್ಲಿ ಸತ್ತಳು. ಈಗ ನಾನು ಹೋಗಲಾ? ಕಾಲು ಹೋದರೆ ಹೋಗಲಿ."

ಇದನ್ನು ಯಾರಿಗೂ ಹೇಳಿಲ್ಲವೇ ಎಂದು ಕೇಳಿದೆ. ಯಾರಿಗೆ ಹೇಳುವುದು, ಹೇಳಿಕೊಳ್ಳುವಂಥದ್ದೇ ಅದು ಎಂದಳು. ಐದು ಸಾವಿರ ಮೈಲಿ ಎನ್ನುತ್ತಾರೋ ಎಷ್ಟೋ, ಅಷ್ಟು ದೂರ ಬಂದು, ನಮ್ಮ ಮನೆಯ ನಾಚಿಕೆಯನ್ನೇ ಮತ್ತೊಬ್ಬಳ ಅಡುಗೆಮನೆಯಲ್ಲಿ ಕಂಡೆ. ನನಗೆ ಕೆಟ್ಟ ಸಿಟ್ಟು ಬಂತು. ಕಲ್ಲು ಒಡೆದವರು ನಾಚಿಕೊಳ್ಳಬೇಕು, ಗೋಡೆಗೆ ಜರಡಿ ಇಡಿಸಿದವರು ಹೆಸರನ್ನು ಕಲ್ಲಲ್ಲಿ ಕೆತ್ತಿಸಿಕೊಳ್ಳಬೇಕು, ಇದು ಯಾವ ಊರಿನ ನ್ಯಾಯ?

ಕಾಗದ ಕೇಳಿ ಇಸಿದುಕೊಂಡು ಆ ಕಟ್ಟಡದ ನಕ್ಷೆ ಬರೆದೆ. ಕಮಾನು, ನಾಲ್ಕು ಅಂಗಳ, ನಡುಮನೆ. ಆಮೇಲೆ ದೊಡ್ಡ ರಸ್ತೆಯ ಬದಿಗೆ ಒಂದು ಬಾಗಿಲು ಗುರುತು ಮಾಡಿದೆ. ಮೊದಲ ದಿನವೇ ನೋಡಿದ್ದೆ. ಐದು ಮೆಟ್ಟಿಲು, ಎರಡೂ ಕಡೆ ಕೆತ್ತನೆಯ ಕಂಬ, ಎರಡಾಳೆತ್ತರದ ಬಾಗಿಲು, ಮುಚ್ಚಿತ್ತು. ಇಡೀ ಕಟ್ಟಡದಲ್ಲಿ ಮನುಷ್ಯರಿಗಾಗಿ ಮಾಡಿದಂತೆ ಕಂಡದ್ದು ಅದೊಂದೇ.

"ಇದು ಯಾರ ಬಾಗಿಲು?" ಎಂದೆ.

"ಊರಿನ ದೊಡ್ಡವರ ಸಮಿತಿಯದು. ಅವರೇ ಅದನ್ನೆಲ್ಲ ನಡೆಸುತ್ತಿದ್ದದ್ದು. ಒಳಗಿನವರು ಯಾರೂ ಆ ಬಾಗಿಲಿಂದ ಹೋಗಿಲ್ಲ."

"ಹಾಗಾದರೆ ನಾವು ಅದರಿಂದಲೇ ಹೋಗೋಣ."

ಅವಳು ನಕ್ಷೆಯನ್ನು ತುಂಬ ಹೊತ್ತು ನೋಡಿದಳು. "ಅದನ್ನು ತೆಗೆಯುವುದಿಲ್ಲ" ಎಂದಳು. ಆದರೆ ಹೋಗುವುದಿಲ್ಲ ಎನ್ನಲಿಲ್ಲ.

ಮೆಟ್ಟಿಲು

ಮಂಗಳವಾರ ಹತ್ತು ಗಂಟೆಗೆ ಗಾಯದ ಕ್ಲಿನಿಕ್ಕು. ಶಾರದಳಿಗೆ ಹೇಳಲಿಲ್ಲ, ಅವಳು ಬೆಳಿಗ್ಗೆಯೇ ಡ್ಯೂಟಿಗೆ ಹೋಗಿದ್ದಳು. ಡೋರೀನಮ್ಮ ನೀಲಿ ಕೋಟು ಹಾಕಿ, ತುಟಿಗೆ ಬಣ್ಣ ಹಚ್ಚಿಕೊಂಡು ಸಿದ್ಧಳಾಗಿದ್ದಳು. ನಾನು ಮೈಸೂರು ರೇಷ್ಮೆ ಉಟ್ಟೆ, ಕಾಲಿಗೆ ಶಾರದಳ ಉಣ್ಣೆಯ ಕಾಲುಚೀಲ. ಟ್ಯಾಕ್ಸಿಯವನು ಕಮಾನಿನ ಕಡೆ ತಿರುಗಿಸಿದ. ನಿಲ್ಲಿಸಿ ಎಂದು ಮುಂಬಾಗಿಲಲ್ಲಿ ಇಳಿದೆವು. ಐದು ಮೆಟ್ಟಿಲು ಹತ್ತಲು ಅವಳಿಗೆ ಐದು ನಿಮಿಷ ಬೇಕಾಯಿತು. ಬಾಗಿಲು ಬಡಿದೆ.

ಬಹಳ ಹೊತ್ತಿನ ಮೇಲೆ ಪಕ್ಕದಿಂದ ಸುತ್ತಿಕೊಂಡು ಒಬ್ಬ ಹುಡುಗಿ ಬಂದು, ಕ್ಷಮಿಸಿ, ದಾರಿ ಕಮಾನಿನ ಕಡೆಯಿಂದ ಎಂದಳು. ಗೊತ್ತು, ಆದರೆ ಇವರು ಇದರಿಂದಲೇ ಬರುತ್ತಾರೆ ಎಂದೆ. ಅವಳು ಹೋಗಿ ಮ್ಯಾನೇಜರನ್ನು ಕರೆತಂದಳು. ತೆಳ್ಳಗಿನ, ಕೊರಳಲ್ಲಿ ಗುರುತಿನ ಪಟ್ಟಿ ಹಾಕಿದ ಮನುಷ್ಯ. ಮೆಟ್ಟಿಲಿಲ್ಲದ ಇಳಿಜಾರು ದಾರಿ ಅಲ್ಲಿದೆ, ಗಾಲಿಕುರ್ಚಿ ಅಲ್ಲಿದೆ, ಈ ಬಾಗಿಲು ಬೆಂಕಿ ಬಿದ್ದಾಗ ಹೊರಗೆ ಹೋಗಲು ಮಾತ್ರ, ಹೊರಗಿನಿಂದ ತೆಗೆಯುವಂತಿಲ್ಲ, ಕ್ಷಮಿಸಿ ಎಂದ. ನಾನು ಎಣಿಸಿದೆ, ಏಳು ಸಲ ಕ್ಷಮಿಸಿ ಎಂದ. ನಮ್ಮಲ್ಲಾಗಿದ್ದರೆ ಏಯ್ ಎದ್ದೇಳಮ್ಮ ಎನ್ನುತ್ತಿದ್ದರು. ಬೈಗುಳಕ್ಕಾದರೆ ಎದುರು ಬೈಯಬಹುದು. ಕ್ಷಮೆಗೆ ಎದುರು ಏನು ಮಾಡುವುದು?

ಕೂತೆ. ಸೀರೆ ಎತ್ತಿ ಕಟ್ಟಿಕೊಂಡು ಮೇಲಿನ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಕೋಲಾರದಲ್ಲಿ ಡಿಸಿ ಆಫೀಸಿನ ಮುಂದೆ ಜನ ಹೀಗೆ ಕೂರುವುದನ್ನು ಸರ್ವಿಸ್ಸಿನುದ್ದಕ್ಕೂ ಒಳಗಿನ ಕಿಟಕಿಯಿಂದ ನೋಡಿದ್ದೆ. ಹೊರಗೆ ಕೂರುವ ಭಾಗ್ಯ ಈಗ ಬಂತು. ಡೋರೀನಮ್ಮ ನನ್ನ ಭುಜ ಹಿಡಿದು ಮೆಲ್ಲಗೆ ಪಕ್ಕದಲ್ಲಿ ಕೂತು, ಕಾಲು ನೀಡಿದಳು. ಸಣ್ಣ ಮಳೆ ಶುರುವಾಯಿತು. ಮ್ಯಾನೇಜರು ಕೊಡೆ ತರಿಸಿಕೊಟ್ಟ. ಬಾಗಿಲು ತೆಗೆಸಲಿಲ್ಲ.

ಅಷ್ಟರಲ್ಲಿ ಯಾರೋ ಹೇಳಿ ಶಾರದ ಓಡಿ ಬಂದಳು.

"ಏಮಿ ಅಕ್ಕಾ ಇದಿ? ಎದ್ದೇಳು ಮೊದ್ಲು. ನನ್ ಕೆಲ್ಸಕ್ಕೆ ಕುತ್ತು ತರ್ತೀಯಾ?"

"ಕೂತಿರೋದು ನಾನು ಕಣೇ, ನೀನಲ್ಲ."

"ಎಲ್ರೂ ನೋಡ್ತಾವ್ರೆ."

"ನೋಡ್ಲಿ. ಇವರ ಅಜ್ಜೀನ ಆ ಕಮಾನಲ್ಲಿ ತಂದು ಮಕ್ಕಳ್ನ ಕಿತ್ಕೊಂಡ್ರು. ಇವರಮ್ಮ ಒಳಗಡೆ ಹುಟ್ಟಿದ್ದು. ಅದಕ್ಕೇ ಬರ್ತಾ ಇರ್ಲಿಲ್ಲ ಇಷ್ಟು ದಿನ. ನೀನು ಹಠಮಾರಿ ಅಂದೆ."

ಶಾರದ ಡೋರೀನಮ್ಮನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು, ಇದು ನಿಜವೇ ಎಂದು. ಅವಳು ತಲೆ ಆಡಿಸಿದಳು. ಶಾರದ ಮ್ಯಾನೇಜರನ್ನು ನೋಡಿದಳು, ನಮ್ಮನ್ನು ನೋಡಿದಳು, ಕಮಾನಿನ ಕಡೆ ಹೊರಟುಹೋದಳು. ಹೋದಳಲ್ಲ ಎಂದುಕೊಂಡೆ. ಎದ್ದುಬಿಡೋಣ, ಈ ಮುದುಕಿಯನ್ನು ನೆನೆಸಿ ಕೊಲ್ಲುವುದು ಬೇಡ ಅನ್ನಿಸಿದ್ದೂ ನಿಜ.

ಆಗ ಬಾಗಿಲ ಹಿಂದೆ ಏನನ್ನೋ ಎಳೆಯುವ ಸದ್ದು. ಭಾರವಾದ ಬೀರು ನೆಲಕ್ಕೆ ಉಜ್ಜುವ ಸದ್ದು. ಮತ್ತೆ ಇನ್ನೊಂದು. ಬಾಗಿಲಿಗೆ ಅಡ್ಡಲಾಗಿದ್ದ ಕಬ್ಬಿಣದ ಪಟ್ಟಿಯನ್ನು ಒಳಗಿನಿಂದ ಯಾರೋ ಒದ್ದ ಹಾಗಾಯಿತು. ಎರಡೂ ಕದಗಳು ನಮ್ಮ ಬೆನ್ನಿಗೆ ತಾಗುವಷ್ಟು ಹತ್ತಿರ ಹೊರಕ್ಕೆ ತೆರೆದುಕೊಂಡವು. ಇಡೀ ಆಸ್ಪತ್ರೆಯ ಅಲಾರಂ ಕಿರುಚತೊಡಗಿತು. ಹೊಸ್ತಿಲ ಮೇಲೆ ಶಾರದ, ಮುಖದ ತುಂಬ ಧೂಳು.

"ಬನ್ನಿ ಡೋರೀನಮ್ಮ" ಎಂದಳು. ಹಾಗೇ ಅಂದಳು, ಅಮ್ಮ ಸೇರಿಸಿ.

ಮೇಜು

ಬಾಗಿಲ ಹಿಂದೆ ಒಂದು ಹಜಾರ, ಅದರಾಚೆ ದೊಡ್ಡ ಕೋಣೆ. ಸಮಿತಿಯವರು ಕೂರುತ್ತಿದ್ದ ಕೋಣೆ. ಈಗ ಮೀಟಿಂಗಿಗೆ ಬಳಸುತ್ತಾರೆ. ಇಲ್ಲಿ ಕಿಟಕಿಗಳು ತಗ್ಗಿನಲ್ಲಿವೆ, ಕೂತಲ್ಲಿಂದಲೇ ಮರಗಳು ಕಾಣುತ್ತವೆ. ಉದ್ದನೆಯ ತೇಗದ ಮೇಜು, ತಲೆಯಲ್ಲಿ ತೋಳಿನ ದೊಡ್ಡ ಕುರ್ಚಿ. ಸಹಾಯ ಕೇಳಿ ಬಂದವರು ಮೇಜಿನ ಆ ತುದಿಯಲ್ಲಿ ನಿಂತು ಉತ್ತರ ಹೇಳಬೇಕಿತ್ತಂತೆ. ಡೋರೀನಮ್ಮನೇ ಹೇಳಿದಳು, ಅವಳ ಅಜ್ಜಿ ತಾಯಿಗೆ, ತಾಯಿ ಅವಳಿಗೆ ಹೇಳಿದ್ದು.

ಹೇಳಿದವಳು ನಡೆದು ಹೋಗಿ ಆ ದೊಡ್ಡ ಕುರ್ಚಿಯಲ್ಲಿ ಕೂತಳು. ಕೋಲನ್ನು ಮೇಜಿನ ಮೇಲಿಟ್ಟಳು. "ಇಲ್ಲೇ ಮಾಡು" ಎಂದಳು.

ಶಾರದ ಹೋಗಿ, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ ತಂದಳು. ಹಸಿರು ಬಟ್ಟೆ ಹಾಸಿ, ಕಾಲನ್ನು ಆ ಮೇಜಿನ ಮೇಲೇ ಇಟ್ಟು, ಬ್ಯಾಂಡೇಜು ಬಿಚ್ಚಿದಳು. ಅಲಾರಂ ನಿಂತಿತು. ಯಂತ್ರದಿಂದ ರಕ್ತ ಹರಿಯುವ ಸದ್ದು ಕೇಳಿಸಿತು, ನಮ್ಮೂರ ಕಾಲುವೆಯಲ್ಲಿ ನೀರು ಬಿಟ್ಟ ಹಾಗೆ. "ಹರೀತಾ ಐತೆ ಅಕ್ಕಾ" ಎಂದಳು ಶಾರದ. "ಚೆನ್ನಾಗೇ ಹರೀತಾ ಐತೆ. ಕಾಲು ಉಳೀತು."

ಬಾಗಿಲಲ್ಲಿ ಮ್ಯಾನೇಜರು, ಅವನ ಹಿಂದೆ ಆ ಇಬ್ಬರು ನರ್ಸುಗಳು. ಇದು ಹೇಗಾಯಿತು, ಬಾಗಿಲು ತೆಗೆದವರು ಯಾರು ಎಂದು ಅವನು ಕೇಳಿದ. ಶಾರದ ಕೈಯ ಕೆಲಸ ಬಿಡದೆ ಉತ್ತರ ಕೊಟ್ಟಳು. "ನಾನು ತೆಗೆದೆ. ಇವರು ನನ್ನ ಅಕ್ಕ. ನಮ್ಮಪ್ಪನಿಗೆ ಮಾವಿನ ತೋಟ ಇರಲಿಲ್ಲ. ನಮ್ಮಮ್ಮ ರಸ್ತೆ ಪಕ್ಕದಲ್ಲಿ ಕಲ್ಲು ಒಡೆದು ನಮ್ಮನ್ನು ಓದಿಸಿದಳು. ಬರೆದುಕೊಳ್ಳುವುದಿದ್ದರೆ ಬರೆದುಕೊಳ್ಳಿ."

ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಮಾವಿನ ತೋಟದ ಬಗ್ಗೆ ಕೇಳಿದ್ದ ನರ್ಸು ಒಳಗೆ ಬಂದು ಕೈಗವಸು ಹಾಕಿಕೊಂಡು, ಬ್ಯಾಂಡೇಜಿನ ಸುರುಳಿಯ ಇನ್ನೊಂದು ತುದಿ ಹಿಡಿದಳು.

ಮಂಗಳವಾರಗಳು

ಶಾರದಳಿಗೆ ಲಿಖಿತ ಎಚ್ಚರಿಕೆ ಬಂತು. ಡೋರೀನಮ್ಮನ ಕಾಲಿಗೆ ಪ್ರತಿ ಮಂಗಳವಾರ ಹೊಸ ಕಟ್ಟು ಹಾಕಿಸಬೇಕಿತ್ತು. ಎರಡನೆಯ ಮಂಗಳವಾರ ಹೋದರೆ ಮುಂಬಾಗಿಲಿಗೆ ಸರಪಳಿ ಬಿಗಿದಿದ್ದರು. ಬೆಂಕಿಯ ದಾರಿಗೆ ಸರಪಳಿ ಹಾಕುವುದು ಯಾವ ದೇಶದ ಕಾನೂನಿನಲ್ಲಿದೆ ಎಂದು ನಾನು ಮ್ಯಾನೇಜರಿಗೆ ಎಂಜಿನಿಯರ್ ಎಂದು ಸಹಿ ಹಾಕಿ ಕಾಗದ ಕೊಟ್ಟೆ. ಸರಪಳಿ ತೆಗೆದರು, ಬಾಗಿಲು ತೆಗೆಯಲಿಲ್ಲ. ಆ ದಿನ ಕಾಲಿನ ಕಟ್ಟು ಮೆಟ್ಟಿಲ ಮೇಲೇ ನಡೆಯಿತು.

ಮೂರನೆಯ ಮಂಗಳವಾರ ನಮ್ಮ ಜತೆ ಬೀದಿಯ ಒಬ್ಬ ಮುದುಕ ಬಂದು ಕೂತ. ಹೋಗುವಾಗ, ನನ್ನ ತಂದೆಯೂ ಇಲ್ಲಿದ್ದರು ಎಂದ. ನಾಲ್ಕನೆಯ ವಾರ ಇನ್ನಿಬ್ಬರು ಬಂದರು. ಹುಣ್ಣು ಅಂಚಿನಿಂದ ಕೆಂಪಗೆ ತುಂಬಿಕೊಂಡು ಬರುತ್ತಿತ್ತು, ವಾಸನೆ ಹೋಗಿತ್ತು. ಅಷ್ಟರಲ್ಲಿ ನಾನು ಹೊರಡುವ ದಿನ ಬಂತು. ಡೋರೀನಮ್ಮ ಬೀದಿಯ ತುದಿಯವರೆಗೆ ಕೋಲಿಲ್ಲದೆ ನಡೆದು ಬಂದು ಕಳಿಸಿದಳು.

ಬೆಂಗಳೂರಿನಲ್ಲಿ ಇಳಿದದ್ದು ಒಂದು ಮಂಗಳವಾರ. ಕೋಲಾರದಲ್ಲಿ ಬಸ್ಸು ಬದಲಾಯಿಸಿ ಶ್ರೀನಿವಾಸಪುರದ ಬಸ್ಸು ಹತ್ತಿ ಕೂತಾಗ ಶಾರದಳ ಫೋನು ಬಂತು. ಕಂಡಕ್ಟರು ಟಿಕೆಟ್ಟು ಟಿಕೆಟ್ಟು ಎನ್ನುತ್ತಿದ್ದ. ಒಂದು ಕಿವಿ ಮುಚ್ಚಿಕೊಂಡು ಕೇಳಿದೆ.

"ಬಾಗಿಲು ತೆಗೆದ್ರಾ?"

"ಇಲ್ಲ ಅಕ್ಕಾ."

"ಮೆಟ್ಲ ಮೇಲೆ ಎಷ್ಟು ಜನ ಕೂತವ್ರೆ?"

"ಹದಿಮೂರು."

"ನೀನೆಲ್ಲಿದ್ದೀಯ? ಡ್ಯೂಟೀಲಿದ್ದೀಯಾ?"

ಆ ಕಡೆಯಿಂದ ಮಳೆಯ ಸದ್ದು, ಯಾರೋ ನಕ್ಕ ಸದ್ದು.

"ನನ್ನೂ ಸೇರ್ಸಿ ಹದಿಮೂರು" ಎಂದಳು.